ನಲವತ್ತೊಂದು ಸೊನ್ನೆಗಳು

ಸಹಿ ಹಾಕಿಬಿಟ್ಟರೆ ಏನಾಗುತ್ತದೆ? ಹದಿನೆಂಟು ವರ್ಷ ಯಾರೂ ಕೇಳದ್ದನ್ನು ಇನ್ನು ಯಾರು ಕೇಳಿಯಾರು? ಹಾಕದಿದ್ದರೆ ಮಗಳು ಕೇಳುತ್ತಾಳೆ, ಯಾಕಪ್ಪ ಎಂದು. ಆಗ ಯಾವ ಬಾಯಿಂದ ಉತ್ತರ ಕೊಡುವುದು? ಅವನು ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ. ಮೇಜಿನ ಮೇಲಿದ್ದ ಕಾಗದದಲ್ಲಿ ಇದ್ದದ್ದು ಒಂದೇ ವಾಕ್ಯ. ಈ ರಿಜಿಸ್ಟರುಗಳಲ್ಲಿರುವ ಮಳೆಯ ಅಳತೆಗಳನ್ನೆಲ್ಲ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ನಾನೇ ಕಣ್ಣಾರೆ ನೋಡಿ ಬರೆದಿದ್ದೇನೆ. ಅದರ ಕೆಳಗೆ ಚುಕ್ಕಿಗಳ ಗೆರೆ.

"ಏನೋ ಅದು, ಆಸ್ತಿ ಬರೆದುಕೊಡೋನ ಹಾಗೆ ಯೋಚನೆ ಮಾಡ್ತಿದೀಯ?" ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕ ಕೇಳಿದಳು. "ಬರೆದುಕೊಡೋಕೆ ನಿನ್ನ ಹತ್ರ ಇರೋದೇನು, ಮಳೆ ನೀರು ತಾನೆ? ಹಾಕು ಅತ್ಲಾಗೆ. ಅವರು ಬರೋ ಹೊತ್ತಾಯ್ತು."

ಅವನು ಸಹಿ ಹಾಕಿದ. ಅಕ್ಷರಗಳು ಎಂದಿನ ಹಾಗೇ ದುಂಡಗೆ ಬಂದವು. ಅದೇ ಅವನಿಗೆ ಹೆಚ್ಚು ನಾಚಿಕೆ ತಂದಿತು.

ಊರಂಚಿನ ಗುಡ್ಡದ ಮೇಲಿನ ಹವಾಮಾನ ಠಾಣೆಯಲ್ಲಿ ಮೂವತ್ತನಾಲ್ಕು ವರ್ಷ ಮಳೆ ಅಳೆದವನು ಅವನು. ಬೇಲಿ ಹಾಕಿದ ಅಂಗಳ, ನಡುವೆ ಮೊಣಕಾಲೆತ್ತರದ ಮಳೆಮಾಪಕ, ಅದರೊಳಗೊಂದು ಬಾಟಲಿ. ಬಾಟಲಿಯ ನೀರನ್ನು ಅಳತೆಗಾಜಿಗೆ ಸುರಿದು, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ರಿಜಿಸ್ಟರಿನಲ್ಲಿ ಬರೆದು, ನೀರು ಚೆಲ್ಲಿಬಿಡುವುದು. ಇಡೀ ಠಾಣೆಗೆ ಅವನೊಬ್ಬನೇ. ತಿಂಗಳಿಗೊಮ್ಮೆ ನಕಲು ತೆಗೆದು ಕೇಂದ್ರ ಕಚೇರಿಗೆ ಅಂಚೆಗೆ ಹಾಕಿದರೆ ಮುಗಿಯಿತು. ಬೀದಿಯವರು ಅವನನ್ನು ಮಳೆ ಮೇಷ್ಟ್ರು ಎಂದು ಕರೆಯುತ್ತಿದ್ದರು. ಬಟ್ಟೆ ಒಣಹಾಕಲೋ ಬೇಡವೋ ಎಂದು ಹೆಂಗಸರು ಕೇಳಿದರೆ, "ನಾಳೇದು ನನಗೆ ಗೊತ್ತಿಲ್ಲಮ್ಮ, ನಾನು ನಿನ್ನೇದಕ್ಕೆ ಮಾತ್ರ ಜವಾಬ್ದಾರ" ಎನ್ನುತ್ತಿದ್ದ.

ಅವನು ನಿವೃತ್ತನಾದ ವರ್ಷವೇ ಠಾಣೆಗೆ ಯಂತ್ರ ಬಂತು. ಹಳೆಯ ರಿಜಿಸ್ಟರುಗಳು ರದ್ದಿಗೆ ಹೋಗುವುದನ್ನು ನೋಡಲಾರದೆ ಅವನು ಅವನ್ನೆಲ್ಲ ಟ್ರಂಕಿನಲ್ಲಿ ತುಂಬಿ ಮನೆಗೆ ತಂದ. ಮಗಳು ಆಗ ಹವಾಮಾನ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ರಜೆಯಲ್ಲಿ ನೆಲದ ಮೇಲೆ ಕೂತು ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುತ್ತಿದ್ದವಳು ಒಂದು ದಿನ ಕೂಗಿಕೊಂಡಳು. "ಅಪ್ಪಾ, ಇಲ್ಲಿ ನೋಡು! ಸುತ್ತಲಿನ ನಾಲ್ಕು ಠಾಣೇಲೂ ಧೋ ಅಂತ ಸುರಿದಿದೆ. ನಿನ್ನ ಠಾಣೇಲಿ ಮಾತ್ರ ನಲವತ್ತೊಂದು ದಿನ ಒಂದು ಹನಿ ಇಲ್ಲ. ಇಷ್ಟು ದಿನ ಇದನ್ನ ಯಾರೂ ಯಾಕೆ ನೋಡಿಲ್ಲ?"

ಆಗಲೇ ಹೇಳಬಹುದಿತ್ತು. ಆದರೆ ಅವಳ ಮುಖದಲ್ಲಿ ಅಂಥ ಬೆಳಕನ್ನು ಅವನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆಯ ಹೊತ್ತಿಗೆ ಅವಳು ಅದಕ್ಕೊಂದು ಹೆಸರಿಟ್ಟಿದ್ದಳು, 'ಒಣ ಕಿಂಡಿ' ಎಂದು. ಗುಡ್ಡದ ಹಿಂದೆ ಆ ವರ್ಷವಷ್ಟೇ ನೀರು ನಿಲ್ಲಿಸಿದ ಜಲಾಶಯ ಗಾಳಿಯ ದಾರಿ ತಿರುಗಿಸಿರಬೇಕು ಎಂಬುದು ಅವಳ ಊಹೆ. ಆ ಊಹೆ ಪ್ರಬಂಧವಾಯಿತು, ಪ್ರಬಂಧ ಅರ್ಜಿಯಾಯಿತು. ವಿಜ್ಞಾನ ಓದುವ ಮಕ್ಕಳನ್ನು ಇಲ್ಲಿಂದ ಹೊರದೇಶಕ್ಕೆ ಕಳಿಸಿ, ಅಲ್ಲಿನವರನ್ನು ಇಲ್ಲಿಗೆ ಕರೆಸುವ ವಿನಿಮಯ ವಿದ್ಯಾರ್ಥಿವೇತನ ಅದು. ಒಂದು ಕಾಲಕ್ಕೆ ವರ್ಷಕ್ಕೆ ಎಂಟು ಜನರನ್ನು ಕಳಿಸುತ್ತಿದ್ದ ನಿಧಿ, ದಾನಿಗಳು ಒಬ್ಬೊಬ್ಬರಾಗಿ ಕೈ ತೊಳೆದುಕೊಂಡ ಮೇಲೆ ಒಬ್ಬರಿಗೆ ಬಂದು ನಿಂತಿತ್ತು. ಮುಂದಿನ ವರ್ಷ ಅದೂ ಇಲ್ಲವಂತೆ. ಕೊನೆಗೆ ಉಳಿದ ಇಬ್ಬರಲ್ಲಿ ಮಗಳೂ ಒಬ್ಬಳು.

ಹನ್ನೊಂದು ಗಂಟೆಗೆ ಕಾರು ಬಂತು. ನಿಧಿಯ ಅಧ್ಯಕ್ಷೆ, ಬೆಳ್ಳಗೆ ನರೆತ ಕೂದಲಿನ ಹೆಂಗಸು, ಚಪ್ಪಲಿ ಬಿಡುತ್ತಲೇ ಕ್ಷಮೆ ಕೇಳಿದರು. "ಮನೆ ತನಕ ಬಂದು ಪರೀಕ್ಷೆ ಮಾಡೋದು ನಮಗೂ ಇಷ್ಟ ಇಲ್ಲ. ಏನ್ಮಾಡೋದು, ದಾನಿಗಳು ಈಗ ಮಜ್ಜಿಗೇನೂ ಊದಿ ಕುಡೀತಾರೆ. ಮೂಲ ಪುಸ್ತಕ ನೋಡಿ, ಬರೆದವರನ್ನ ನೋಡಿ ಅಂತಾರೆ." ಜೊತೆಗೆ ಬಂದಿದ್ದ ಪ್ರೊಫೆಸರು ಮಾತಾಡದೆ ಟ್ರಂಕಿನ ಪಕ್ಕ ನೆಲದ ಮೇಲೇ ಕೂತುಬಿಟ್ಟರು. ಜೇಬಿನಿಂದ ಭೂತಗನ್ನಡಿ ತೆಗೆದರು.

ಮಳೆಗಾಲದ ಹಾಳೆಗಳೆಲ್ಲ ಒದ್ದೆ ಕೈಯ ಗುರುತಿನಿಂದ ಉಬ್ಬಿಕೊಂಡಿದ್ದವು. ಅಲ್ಲಲ್ಲಿ ಶಾಯಿ ಹರಡಿತ್ತು. ಆ ನಲವತ್ತೊಂದು ದಿನಗಳ ಹಾಳೆ ಮಾತ್ರ ನುಣ್ಣಗೆ, ಒಣಗಿದಂತೆ ಇತ್ತು. ಪ್ರೊಫೆಸರು ಅದರ ಮೇಲೆ ಬೆರಳಾಡಿಸಿ ತಲೆಯೆತ್ತಿದರು.

"ನಿಜ ಹೇಳ್ತೀನಿ ಮೇಷ್ಟ್ರೇ, ನನಗೆ ಅನುಮಾನ ಇತ್ತು. ಅದಕ್ಕೇ ಬಂದೆ. ಈಗ ನೋಡಿದ್ರೆ ಮೂವತ್ತನಾಲ್ಕು ವರ್ಷದ ರಿಜಿಸ್ಟರಲ್ಲಿ ಒಂದು ಖಾಲಿ ಮನೆ ಇಲ್ಲ. ಹಾಳೆ ಕೂಡ ಸಾಕ್ಷಿ ಹೇಳ್ತಿದೆ. ನಿಮ್ಮಂಥವರು ಈಗೆಲ್ಲಿದಾರೆ?"

ಅವನು ನೆಲ ನೋಡಿದ. ಎಂಟೂವರೆ. ಆ ದಿನಗಳಲ್ಲಿ ಹೆಂಡತಿ ಮಲಗಿದ್ದ ಆಸ್ಪತ್ರೆಯ ದೊಡ್ಡ ಡಾಕ್ಟರು ವಾರ್ಡಿಗೆ ಬರುತ್ತಿದ್ದುದೂ ಎಂಟೂವರೆಗೇ. ಆ ಹೊತ್ತಿಗೆ ಮಂಚದ ಬಳಿ ಇಲ್ಲದಿದ್ದರೆ ಮರುದಿನದ ತನಕ ಕೇಳಲು ಯಾರೂ ಸಿಗುತ್ತಿರಲಿಲ್ಲ. ಕಿಟಕಿಯಿಂದ ಗುಡ್ಡದ ಮೇಲಿನ ಠಾಣೆಯ ಬೇಲಿ ಕಾಣುತ್ತಿತ್ತು, ಸೈಕಲ್ಲಿನಲ್ಲಿ ಹತ್ತು ನಿಮಿಷದ ದಾರಿ. ಹೆಂಡತಿ ದಿನವೂ ಕೇಳುತ್ತಿದ್ದಳು, "ರೀ, ಹೋಗಿ ನೋಡ್ಕೊಂಡು ಬಂದ್ರಾ?" "ಬಂದೆ" ಎನ್ನುತ್ತಿದ್ದ. "ಎಷ್ಟಿತ್ತು?" ಎನ್ನುತ್ತಿದ್ದಳು. ಬಾಯಿಗೆ ಬಂದದ್ದೊಂದು ಅಂಕಿ ಹೇಳುತ್ತಿದ್ದ. ಅವಳು ಸಮಾಧಾನದಿಂದ ಕಣ್ಣು ಮುಚ್ಚುತ್ತಿದ್ದಳು.

ಅವಳು ತೀರಿಕೊಂಡು, ಎಲ್ಲ ಮುಗಿದು ಅವನು ಠಾಣೆಗೆ ಹೋದಾಗ ಬಾಟಲಿ ತುಂಬಿ ಹೊರಗೆ ಹರಿದಿತ್ತು. ಅಳೆಯಲು ಏನೂ ಉಳಿದಿರಲಿಲ್ಲ. 'ನೋಡಿಲ್ಲ' ಎಂದು ಬರೆಯಬೇಕಿತ್ತು, ನಿಯಮ ಅದೇ. ಹಾಗೆ ಬರೆದಿದ್ದರೆ ರಜೆಯಿಲ್ಲದೆ ಎಲ್ಲಿ ಹೋಗಿದ್ದೆ ಎಂದು ಕೇಳುತ್ತಿದ್ದರು. ಆ ಭಯವೇ ಕಾರಣವೋ, ಇನ್ನೇನಾದರೂ ಇತ್ತೋ, ಅವನಿಗೇ ತಿಳಿಯದು. ಖಾಲಿ ಮನೆಗಳ ಮುಂದೆ ಬಹಳ ಹೊತ್ತು ಕೂತಿದ್ದು, ಒಂದರ ಕೆಳಗೊಂದು ಸೊನ್ನೆ ಬರೆಯುತ್ತ ಹೋಗಿದ್ದ.

"ಆಗ ನಿಮಗೆಷ್ಟು ವಯಸ್ಸಮ್ಮ?" ಪ್ರೊಫೆಸರು ಮಗಳನ್ನು ಕೇಳಿದರು.

"ಆರು ಸರ್."

"ಮಳೆಗಾಲದಲ್ಲಿ ಅಷ್ಟು ದಿನ ಬಿಸಿಲು ಅಂದ್ರೆ ಮಕ್ಕಳಿಗೆ ಹಬ್ಬ. ಏನಾದ್ರೂ ನೆನಪಿದೆಯಾ?"

ಮಗಳು ನಕ್ಕಳು. "ಆಗ ನಾವು ಮನೇಲೇ ಇರಲಿಲ್ಲ ಸರ್. ಅಮ್ಮ ಇಲ್ಲೇ ಕೆಳಗಿನ ಆಸ್ಪತ್ರೇಲಿದ್ರು, ನಾನೂ ಅಲ್ಲೇ. ಎಣಿಸೋದು ಕಲಿತಿದ್ದೇ ಆ ವಾರ್ಡಲ್ಲಿ. ಸೂರು ಸೋರ್ತಿತ್ತು, ಮಂಚದ ಪಕ್ಕ ಒಂದು ಬಕೆಟ್ ಇಟ್ಟಿದ್ರು. ಎಷ್ಟು ಹನಿ ಬಿತ್ತು ಹೇಳು ಪುಟ್ಟಿ ಅಂತ ಅಮ್ಮ ಕಣ್ಮುಚ್ಚಿಕೊಂಡು..."

ಮಾತು ಅಲ್ಲಿಗೆ ನಿಂತಿತು. ನಗು ಮಾತ್ರ ಇನ್ನೂ ಸ್ವಲ್ಪ ಹೊತ್ತು ಮುಖದ ಮೇಲೆ ಉಳಿದಿತ್ತು, ಹೊರಡಲು ಮರೆತ ನೆಂಟನ ಹಾಗೆ.

"ಸೋರ್ತಿತ್ತಾ?" ಪ್ರೊಫೆಸರು ಭೂತಗನ್ನಡಿ ಕೆಳಗಿಟ್ಟರು.

"ಟ್ಯಾಂಕು ಸರ್," ಎಂದಳು ಮಗಳು. "ಮೇಲೆ ನೀರಿನ ಟ್ಯಾಂಕು ಇತ್ತು. ಅದು ಸೋರ್ತಿತ್ತು."

"ಆಸ್ಪತ್ರೆಗಳ ಹಣೆಬರಹವೇ ಅಷ್ಟು ಬಿಡಿ," ಎಂದು ಅಧ್ಯಕ್ಷೆ ನಕ್ಕರು. ಅಕ್ಕ ಚಹಾ ತಂದಳು. ಮಗಳು ಅಪ್ಪನ ಕಡೆ ನೋಡಲಿಲ್ಲ. ಅವನು ಮಗಳ ಕೈಯನ್ನೇ ನೋಡುತ್ತಿದ್ದ. ಮಡಿಲಲ್ಲಿದ್ದ ಫೈಲಿನ ಅಂಚನ್ನು ಅದು ಮಡಚುತ್ತಿತ್ತು, ಬಿಡಿಸುತ್ತಿತ್ತು.

ಹೊರಡುವಾಗ ಅಧ್ಯಕ್ಷೆ ಕೇಳಿದರು. "ನಿಮ್ಮ ತಂದೆಯವರ ಹೇಳಿಕೆ ಒಂದು ಬೇಕಿತ್ತಲ್ಲಮ್ಮ?"

"ಅದು ಇನ್ನೂ ಆಗಿಲ್ಲ ಮೇಡಂ. ನಾಳೆ ಕಳಿಸ್ತೀನಿ."

ಸಹಿ ಹಾಕಿದ ಕಾಗದದ ಮೂಲೆ ಅವಳ ಫೈಲಿನಿಂದ ಹೊರಗೆ ಇಣುಕುತ್ತಿತ್ತು. ಅವನು ಅದನ್ನು ಕಂಡ. ಅವನು ಕಂಡದ್ದು ಅವಳಿಗೂ ಕಂಡಿತು.

ಆ ದಿನ ಊಟಕ್ಕೆ ಕೂತಾಗ ಅಕ್ಕನೊಬ್ಬಳೇ ಮಾತಾಡಿದಳು. ಹೊರದೇಶದ ಚಳಿಗೆ ಎಷ್ಟು ಸ್ವೆಟರು ಬೇಕು, ಅಲ್ಲಿಂದ ಬದಲಿಗೆ ಬರುವ ಹುಡುಗಿಯನ್ನು ಎಲ್ಲಿ ಮಲಗಿಸುವುದು. "ಬಿಳಿ ಹುಡುಗಿ ಬಂದ್ರೆ ಬರಲಿ, ನನ್ನ ಜೊತೆ ಎರಡು ದಿನ ಇದ್ರೆ ನಮ್ಮ ಮಾತಲ್ಲೇ ಬೈಯೋದು ಕಲೀತಾಳೆ." ಮಗಳು ಅನ್ನ ಕಲಸುತ್ತಲೇ ಇದ್ದಳು. "ಇದೇನು, ಇಬ್ಬರೂ ಬಾಯಿಗೆ ಬೀಗ ಹಾಕ್ಕೊಂಡಿದೀರಿ?" ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಮರುದಿನ ಬೆಳಿಗ್ಗೆ ಮಗಳು ಕರೆದಳು. "ಅಪ್ಪಾ, ಇದನ್ನ ಒಂದ್ಸಲ ಓದ್ತೀಯಾ?"

ಶಾಲೆಯ ದಿನಗಳಿಂದಲೂ ಅವಳು ಬರೆದದ್ದನ್ನೆಲ್ಲ ಅವನಿಗೆ ಓದಲು ಕೊಡುವುದು ರೂಢಿ. ಅವನು ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಕೂತ. ನಿಧಿಗೆ ಬರೆದ ಪತ್ರ. ತನ್ನ ವಿಶ್ಲೇಷಣೆಯಲ್ಲಿ ಗಂಭೀರವಾದ ತಪ್ಪಾಗಿದೆ, ಆ ಅವಧಿಯ ಅಂಕಿಗಳನ್ನು ಕಂಪ್ಯೂಟರಿಗೆ ಇಳಿಸುವಾಗಲೂ ಅರ್ಥೈಸುವಾಗಲೂ ತಾನು ಎಡವಿದ್ದೇನೆ, ಇದಕ್ಕೆ ತಾನೊಬ್ಬಳೇ ಹೊಣೆ, ಆದ್ದರಿಂದ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇನೆ ಎಂದಿತ್ತು. ಠಾಣೆಯ ಹೆಸರಿರಲಿಲ್ಲ. ಅವನ ಮಾತೇ ಇರಲಿಲ್ಲ.

ಒಮ್ಮೆ ಓದಿದ, ಮತ್ತೆ ಓದಿದ. ಹಿಂದೆ ನಿಂತಿದ್ದ ಮಗಳ ಉಸಿರು ಕೇಳುತ್ತಿತ್ತು.

"ಏನಾದ್ರೂ ಸೇರಿಸಬೇಕಾ ಅಪ್ಪ?"

ಅವಳ ದನಿಯಲ್ಲಿ ಆರೋಪ ಇರಲಿಲ್ಲ. ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತವರ ಹಾಗೆ ಕೇಳಿದ್ದಳು. ನಿಜ ನಾಲಗೆಯ ತುದಿಯ ತನಕ ಬಂತು. ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ತಿಕ್ಕುವ ಸದ್ದು. ಹಿಂದಿನ ದಿನ ಪ್ರೊಫೆಸರು ಬೆರಳಾಡಿಸಿದ ರಿಜಿಸ್ಟರು ಇನ್ನೂ ಟ್ರಂಕಿನ ಮೇಲೇ ಇತ್ತು.

"ಬೇಡ," ಎಂದ. "ಸರಿಯಾಗಿದೆ."

ಅವಳು ಅವನ ಹೆಗಲ ಮೇಲಿಂದ ಕೈಚಾಚಿ ಕಳಿಸುವ ಗುಂಡಿ ಒತ್ತಿದಳು. ಆಮೇಲೆ ಅದೇ ಕೈ ಒಂದು ಕ್ಷಣ ಅವನ ಹೆಗಲ ಮೇಲೆ ಕೂತಿತು, ಎದ್ದಿತು.

ಸುದ್ದಿ ತಿಳಿದ ಅಕ್ಕ ಎರಡು ದಿನ ಗೋಳಾಡಿದಳು. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಪ್ಪಾಯ್ತಂತೆ ತಪ್ಪು! ಹುಟ್ಟಿದಾಗಿನಿಂದ ಲೆಕ್ಕದಲ್ಲಿ ತಪ್ಪದವಳು ಈಗ ತಪ್ಪಿದಳಂತೆ. ನೀನಾದ್ರೂ ಹೇಳೋ ಅವಳಿಗೆ." ಪ್ರೊಫೆಸರು ಫೋನು ಮಾಡಿ ಮಗಳನ್ನು ಬೈದರು. ವಿಜ್ಞಾನಕ್ಕೆ ಇಷ್ಟು ಅಜಾಗರೂಕತೆ ಒಗ್ಗುವುದಿಲ್ಲ ಎಂದರಂತೆ. ಅವಳು "ಹೌದು ಸರ್, ನನ್ನದೇ ತಪ್ಪು" ಎನ್ನುವುದು ಅವನಿಗೆ ಪಕ್ಕದ ಕೋಣೆಯಿಂದ ಕೇಳಿಸಿತು. ವಿದ್ಯಾರ್ಥಿವೇತನ ಇನ್ನೊಬ್ಬರಿಗೆ ಹೋಯಿತು. ನಿಧಿಯ ಬಾಗಿಲು ಆ ವರ್ಷವೇ ಮುಚ್ಚಿತು. ಮಗಳು ಹತ್ತಿರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಲು ಸೇರಿಕೊಂಡಳು.

ಮಳೆಗಾಲ ಬಂತು. ಒಂದು ಬೆಳಿಗ್ಗೆ ಅವನು ಎದ್ದು ಬಂದಾಗ ವರಾಂಡದ ಮೂಲೆ ಸೋರುತ್ತಿತ್ತು. ಶಾಲೆಗೆ ಹೊರಟು ನಿಂತಿದ್ದ ಮಗಳು ಚೀಲ ಕೆಳಗಿಟ್ಟು ಬಕೆಟ್ ತಂದು ಹನಿಯ ಕೆಳಗೆ ಸರಿಸಿದಳು. ಸರಿಸಿದವಳು ಎದ್ದು ಹೋಗಲಿಲ್ಲ, ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. ಗೋಡೆಯ ಗಡಿಯಾರದಲ್ಲಿ ಎಂಟೂವರೆ. ಬಾಗಿಲಲ್ಲಿ ನಿಂತ ಅವನಿಗೆ ಅವಳ ಬೆನ್ನು ಕಾಣುತ್ತಿತ್ತು, ಸ್ವಲ್ಪವೇ ಅಲುಗುವ ಕೆನ್ನೆ ಕಾಣುತ್ತಿತ್ತು. ಅವಳು ಎಣಿಸುತ್ತಿದ್ದಳು.

ಆ ನಲವತ್ತೊಂದು ದಿನ ಮಳೆ ಬಂದಿತ್ತು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.