ಕ್ವುನ್ ತೋಂಗಿಗೆ ಹೋದ ಬ್ಯಾಂಕು

ನನ್ನ ಮಗಳು ಸಿಯು-ಮನ್ ಕೆಲಸ ಮಾಡುವ ಬ್ಯಾಂಕು ಎಷ್ಟು ಎತ್ತರವೆಂದರೆ, ಕೆಳಗೆ ಮಳೆ ಬರುತ್ತಿದೆಯೇ ಎಂದು ನೋಡಲು ಅಲ್ಲಿಯವರು ಮೋಡ ಸರಿಸಬೇಕು. ಹಾಂಗ್‌ಕಾಂಗಿನಲ್ಲಿರುವ ನಮ್ಮ ವಠಾರದ ಮಹಡಿ ಮಹಡಿಗೂ ಹೀಗೆ ಹೇಳಿಕೊಂಡು ಬಂದವಳು ನಾನೇ. ಗಂಡ ತೀರಿಕೊಂಡ ಮೇಲೆ ಹೊಗಳುವುದಕ್ಕೆ ಮನೆಯಲ್ಲಿ ಬೇರೆ ಯಾರಿದ್ದರು?

ಕ್ವಾಯ್ ಮಾತ್ರ ನಂಬುತ್ತಿರಲಿಲ್ಲ. ಒಂದು ಕಾಲದಲ್ಲಿ ಕ್ವುನ್ ತೋಂಗಿನ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮಿಷನ್ನಿನಲ್ಲೇ ಕೂತು ಜೀನ್ಸ್ ಹೊಲಿದವಳು ಅವಳು.

"ಅಕ್ಕಾ, ಸಾಯೋದ್ರೊಳಗೆ ಒಂದ್ಸಲ ತೋರಿಸೇ ಆ ಮೋಡದ ಮನೇನ."

"ಬಾ, ಕತ್ತು ಉಳುಕಿದ್ರೆ ನನ್ನ ಕೇಳ್ಬೇಡ."

ದೋಣಿ ಹತ್ತಿ ಸಮುದ್ರದಾಚೆಯ ಸೆಂಟ್ರಲ್ ಎಂಬ ದೊಡ್ಡ ಬ್ಯಾಂಕುಗಳ ಪೇಟೆಗೆ ಹೋದೆವು. ಗೋಪುರದ ಬಾಗಿಲಲ್ಲಿದ್ದ ಕೋಟಿನ ಹುಡುಗಿ ಮಗಳ ಹೆಸರು ಕೇಳಿ ತಲೆಯಾಡಿಸಿದಳು. "ಅವರ ವಿಭಾಗ ಇಲ್ಲಿಲ್ಲ ಅಜ್ಜಿ. ಹೋದ ವರ್ಷಾನೇ ಕ್ವುನ್ ತೋಂಗಿಗೆ ಹೋಯ್ತಲ್ಲ."

ಕ್ವಾಯ್ ನಕ್ಕ ನಗುವಿಗೆ ಕಟ್ಟಡದ ಗಾಜೆಲ್ಲ ಉದುರಬೇಕಿತ್ತು. "ಮೋಡದಿಂದ ಜಾರಿ ನಮ್ಮ ಗಲ್ಲೀಗೇ ಬಿದ್ಲಾ!"

ನನ್ನ ಮುಖದ ಮೇಲೆ ಆಗ ರೊಟ್ಟಿ ಸುಡಬಹುದಿತ್ತು.

ಸಂಜೆ ಊಟಕ್ಕೆ ಕೂತಾಗ ಮಗಳನ್ನು ಕೆಣಕಿದೆ. "ಇವತ್ತು ದೋಣೀಲಿ ಜನ ಜಾಸ್ತಿನಾ?"

"ಹೂಂ ಅಮ್ಮ."

"ಸಮುದ್ರ ಹೆಂಗಿತ್ತು?"

"ಚೆನ್ನಾಗಿತ್ತು."

"ಹೌದು, ಚೆನ್ನಾಗಿತ್ತು. ನಾನೂ ನಿನ್ನ ಬ್ಯಾಂಕಿಗೆ ಹೋಗಿದ್ದೆ."

ಅವಳ ಊಟದ ಕಡ್ಡಿಗಳಿಂದ ಮೀನು ಜಾರಿ ಬಟ್ಟಲಿಗೆ ಬಿತ್ತು.

"ಯಾಕೇ ಓಡಿಸಿದ್ರು ನಿಮ್ಮನ್ನ? ಏನು ತಪ್ಪು ಮಾಡಿದ್ರಿ?"

"ಯಾರೂ ಓಡಿಸ್ಲಿಲ್ಲಮ್ಮ. ಸೆಂಟ್ರಲ್‌ನಲ್ಲಿ ಬಾಡಿಗೆ ವಿಪರೀತ. ದೊಡ್ಡ ಗಿರಾಕಿಗಳು ಬಂದು ಸಾಹೇಬ್ರ ಮುಖ ನೋಡ್ತಾರೆ, ಅವ್ರಿಗೆ ಆ ಗೋಪುರ ಬೇಕು. ಲೆಕ್ಕ ತಾಳೆ ನೋಡೋ ನಮ್ಮನ್ನ ನೋಡೋಕೆ ಯಾರು ಬರ್ತಾರೆ? ಕಂಪ್ಯೂಟರ್ ಇದ್ರೆ ಎಲ್ಲಿ ಕೂತ್ರೂ ಒಂದೇ ಕೆಲಸ. ಅಲ್ಲಿ ಮೂರು ಮಹಡೀಲಿ ಇರುಕ್ಕೊಂಡಿದ್ವಿ, ಇಲ್ಲಿ ಎಲ್ರೂ ಒಂದೇ ಕಡೆ. ಮನೆಗೂ ಹತ್ರ."

"ಹಾಗಾದ್ರೆ ನಂಗ್ಯಾಕೆ ಹೇಳ್ಲಿಲ್ಲ?"

ಅವಳು ಬಟ್ಟಲು ನೋಡುತ್ತಲೇ ಹೇಳಿದಳು: "ಚಿಕ್ಕೋಳಿದ್ದಾಗ ಓದದೇ ಕೂತ್ರೆ ಏನಂತಿದ್ದೆ ನೀನು? 'ಕ್ವುನ್ ತೋಂಗೇ ನಿನಗೆ ಗತಿ' ಅಂತಿದ್ದೆ. ಈಗ್ಲೂ ಆ ಹೆಸರು ಬಂದ್ರೆ ಮೂಗು ಮುಚ್ಕೋತೀಯ. ನಾನು ಅಲ್ಲಿ ಖುಷಿಯಾಗೇ ಇದ್ದೀನಮ್ಮ. ಹೇಳೋಕೆ ನಾಚಿಕೆ ಆಯ್ತು."

ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, ನೆರೆಯವರಿಗೆಲ್ಲ ಕೇಳಲೆಂದೇ "ದೋಣಿ ತಪ್ಪೀತು, ಓಡೇ" ಎಂದು ಕೂಗುತ್ತಿದ್ದೆ. ಪಾಪ, ಅವಳು ಓಡುತ್ತಲೂ ಇದ್ದಳು.

ಭಾನುವಾರ ಚಹಾದಂಗಡಿಯಲ್ಲಿ ಕ್ವಾಯ್ ನಮ್ಮ ಮೇಜಿಗೇ ಬಂದು ಕೂತಳು. ಸುತ್ತಲಿನವರಿಗೂ ಕೇಳುವಂತೆ ಶುರು ಮಾಡಿದಳು: "ಏನಮ್ಮಾ ಸಿಯು-ಮನ್, ಕಿಟಕೀಲಿ ಸಮುದ್ರ ಕಾಣತ್ತಾ?"

ಮಗಳು ತಲೆ ತಗ್ಗಿಸಿದಳು. ನನ್ನ ನಾಲಿಗೆಯ ತುದಿಯಲ್ಲಿ ಸುಳ್ಳು ಸಿದ್ಧವಾಗಿತ್ತು: ಬ್ಯಾಂಕು ಉಬ್ಬಿ ಉಬ್ಬಿ ಸೆಂಟ್ರಲ್ಲೇ ಸಾಲದಾಯಿತು ಎಂದು. ಅದನ್ನು ನುಂಗಿಕೊಂಡೆ.

"ಕಾಣಲ್ಲ ಕಣೇ. ಎದುರುಗಡೆ ಗೋಡೆ ಕಾಣತ್ತಂತೆ. ನಾವು ಜೀನ್ಸ್ ಹೊಲೀತಿದ್ವಲ್ಲ, ಆ ಬೀದೀಲೇ ಇದ್ಯಂತೆ ಇವಳ ಆಫೀಸು."

ಕ್ವಾಯ್ ಬಾಯಿ ತೆರೆದಳು. ನಗುತ್ತಾಳೆಂದುಕೊಂಡೆ. "ಮೂಲೇಲಿ ಮೀನುಂಡೆ ಅಂಗಡಿ ಇತ್ತಲ್ಲ, ಇದ್ಯೇನೇ ಅದು?" ಎಂದಳು.

"ಇದೆ ಚಿಕ್ಕಮ್ಮ! ದಿನಾ ಅಲ್ಲೇ ನನ್ನ ಊಟ." ಮಗಳ ಮುಖ ಅರಳಿತು. ಇಷ್ಟು ದಿನ ಅವಳು ಎಲ್ಲಿ ಉಣ್ಣುತ್ತಿದ್ದಳೆಂಬುದೂ ನನಗೆ ಗೊತ್ತಿರಲಿಲ್ಲ.

ಇಬ್ಬರೂ ಮಾತಿಗೆ ಬಿದ್ದರು. ನಡುವೆ ಮಗಳು ಬಾಗಿ ನನ್ನ ಬಟ್ಟಲಿಗೆ ಚಹಾ ಬಗ್ಗಿಸಿದಳು. ಯಾರೇ ಬಗ್ಗಿಸಲಿ, ಎರಡು ಬೆರಳಿನಿಂದ ಮೇಜು ತಟ್ಟಿ ಉಪಕಾರ ಹೇಳುವವರು ನಾವು. ವರ್ಷವಿಡೀ ನನಗಾಗಿ ಇಲ್ಲದ ದೋಣಿಗೆ ಓಡಿದವಳಿಗೆ ಅಷ್ಟು ಸಾಲದೆನಿಸಿ, ನನ್ನ ಬೆರಳು ಮಡಿಲಿನಿಂದ ಮೇಲೇಳಲಿಲ್ಲ.