ಮೊಂಡಬಾಲನ ಮಂಡಕ್ಕಿ

ದಾವಣಗೆರೆ ಆನೆಕೊಂಡದ ಜಂಬಯ್ಯನಿಗೆ ತನ್ನ ಬುದ್ಧಿಯ ಮೇಲೆ ಎಂದೂ ಅಂಥ ಭರವಸೆ ಇರಲಿಲ್ಲ. ಬುದ್ಧಿ ಇದ್ದಿದ್ದರೆ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವನು ಮೀನು ಹಿಡಿಸುವ ಪಾರ್ಕಿಗೆ ಪಾಲುದಾರನಾಗುತ್ತಿದ್ದನೇ? ಹರಿಹರದ ಹೊರಗೆ, ಹೊಳೆದಂಡೆಯಲ್ಲಿ, ರಜೆಗೆ ಬರುವವರಿಗೆಂದು ನಾಲ್ಕು ಕಾಟೇಜು ಕಟ್ಟಿಸಿ, ಹಕ್ಕಿ ತೋರಿಸುವ ಕೆಲಸ ತಾನಿಟ್ಟುಕೊಂಡು, ಗಾಳ ಹಾಕಿಸುವ ಕಟ್ಟೆಯನ್ನು ಗೆಳೆಯ ಜಮಾಲ್ ಸಾಬ್‌ಗೆ ಬಿಟ್ಟಿದ್ದ. ಹಕ್ಕಿ ತೋರಿಸುವುದರಲ್ಲೂ ಅವನದು ಅಷ್ಟಕ್ಕಷ್ಟೇ. ಬೈನಾಕ್ಯುಲರ್ ಹಿಡಿದು "ಕೊಕ್ಕರೆ ನೋಡ್ರಿ, ಧ್ಯಾನಕ್ಕೆ ಕುಂತೈತೆ" ಎಂದು ಅರ್ಧ ಗಂಟೆ ಬಣ್ಣಿಸಿದ್ದು ಕೊನೆಗೆ ಜಾಲಿಮುಳ್ಳಿಗೆ ಸಿಕ್ಕಿದ್ದ ಸಿಮೆಂಟು ಚೀಲವಾಗಿತ್ತು.

ಈ ಚಳಿಗಾಲ ಕಟ್ಟೆಯಲ್ಲಿ ಒಂದು ಮೀನೂ ಗಾಳ ಕಚ್ಚಲಿಲ್ಲ. ಜಮಾಲ್ ಸಾಬ್ ಎರೆಹುಳ ಬಿಟ್ಟು ಹಿಟ್ಟಿನ ಉಂಡೆ ಹಾಕಿಸಿದ, ಉಂಡೆಗೆ ಸೋಂಪಿನ ಪುಡಿ ಬೆರೆಸಿದ. ಊಹೂಂ.

"ಚಿಕ್ಕಂದಿನಿಂದ ಈ ಹೊಳ್ಯಾಗೆ ಗಾಳ ಹಾಕೀನಿ, ಹಿಂಗೆ ಯಾವತ್ತೂ ಮರ್ಯಾದಿ ಹೋಗಿದ್ದಿಲ್ಲ" ಎಂದ ಅವನು. "ಈ ಭಾನುವಾರನೂ ಕಚ್ಚಲಿಲ್ಲಾಂದ್ರೆ ಕಟ್ಟೆ ಮುಚ್ಚಿ ಮನಿಗೆ ಹೋಗ್ತೀನಿ ಜಂಬಯ್ಯ. ಪಾರ್ಕು ನೀನೇ ನೋಡ್ಕೋ."

ಜಂಬಯ್ಯ ನೆಲ ನೋಡಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ದಿನಾ ಬೆಳಕು ಹರಿಯುವ ಮೊದಲೇ ಕಟ್ಟೆಯ ಮೇಲ್ಗಡೆ ನಿಂತು ಮೀನುಗಳಿಗೆ ಮಂಡಕ್ಕಿ ಹಾಕುತ್ತಿದ್ದವನು ಅವನೇ! ಬಾಲ ಅರ್ಧ ತುಂಡಾದ ಒಂದು ದಪ್ಪ ಮೀನು ಅವನನ್ನು ವಿಪರೀತ ಹಚ್ಚಿಕೊಂಡಿತ್ತು. ಮೊಂಡಬಾಲ ಎಂದು ಹೆಸರಿಟ್ಟಿದ್ದ. ಅದು ಗಾಳಕ್ಕೆ ಬಾಯಿ ಹಾಕದಿರಲಿ ಎಂದು ಈ ತಿಂಡಿ ಶುರುವಾದದ್ದು. ದಾವಣಗೆರೆಯವನಿಗೆ ಹಸಿದವರನ್ನು ಕಂಡರೆ ಮಂಡಕ್ಕಿ ಬಿಟ್ಟು ಬೇರೇನು ಹೊಳೆದೀತು? ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು. ಮೀನುಗಳು ಗಾಳದತ್ತ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಜಮಾಲ್ ಸಾಬ್ ಹೊರಟುಹೋದರೆ? ಅವನಿಲ್ಲದ ಹೊಳೆದಂಡೆ ಜಂಬಯ್ಯನಿಗೆ ಬೇಡವಾಗಿತ್ತು. ಭಾನುವಾರ ಒಂದು ಕಾಳೂ ಹಾಕಬಾರದೆಂದು ಗಟ್ಟಿ ಮನಸ್ಸು ಮಾಡಿದ.

ಗಟ್ಟಿ ಮನಸ್ಸು ಭಾನುವಾರ ಬೆಳಗಿನ ಚಹಾದವರೆಗೆ ಬಾಳಿತು. ಬಂದವರ ಕೈಯಲ್ಲಿ ಹೊಸ ಗಾಳಗಳು ಥಳಥಳ ಹೊಳೆಯುವುದನ್ನು ಕಂಡದ್ದೇ ಅಡುಗೆಮನೆಗೆ ಓಡಿದ. ಮಂಡಕ್ಕಿ ಚೀಲ ಖಾಲಿ. ಅತಿಥಿಗಳು ಮಿರ್ಚಿ ಜೊತೆ ಮುಗಿಸಿದ್ದರು. ಉಳಿದದ್ದು ಹೆಂಡತಿ ಪುಷ್ಪಲತಾ ಡಬ್ಬಿಗೆ ಹಾಕಿಕೊಟ್ಟ ಒಗ್ಗರಣೆ ಮಂಡಕ್ಕಿ. ಅದನ್ನೇ ಒಯ್ದು ಸುರಿದ. ಮೊಂಡಬಾಲ ಎಲ್ಲರಿಗಿಂತ ಮೊದಲು ಮೇಲೆ ಬಂತು.

ಆಗಲೇ ಆಕಾಶದಿಂದ ಏನೋ ಧೊಪ್ಪನೆ ಬಿತ್ತು. ಮೀನುಡೇಗೆ! ಚಳಿಗಾಲಕ್ಕಷ್ಟೇ ಬರುವ ಬೇಟೆಹಕ್ಕಿ. ಜಂಬಯ್ಯ ದಿನಾ "ಇವತ್ತು ಬಂದೇ ಬರ್ತೈತೆ ನೋಡ್ರಿ" ಎಂದು ಬಂದವರಿಗೆಲ್ಲ ಸುಳ್ಳು ಹೇಳುತ್ತಿದ್ದ ಹಕ್ಕಿ. ಅದು ಎದ್ದಾಗ ಉಗುರಲ್ಲಿ ಮೊಂಡಬಾಲ ಒದ್ದಾಡುತ್ತಿತ್ತು. ಜನ ಕೇಕೆ ಹಾಕಿದರು, ಮೊಬೈಲು ಎತ್ತಿದರು. ಜಂಬಯ್ಯನಿಗೆ ಅಳು ಬಂತು. ಇಷ್ಟು ದಿನ ಸಾಕಿ, ಕೊಬ್ಬಿಸಿ, ಕೊನೆಗೆ ಎಲೆ ಹಾಕಿ ಬಡಿಸಿದಂತಾಯಿತಲ್ಲ!

ಕೆಳಗೆ ಕಟ್ಟೆಯಲ್ಲಿ ಜಮಾಲ್ ಸಾಬ್ ಗಾಳ ಎಳೆದ. ಕೊಕ್ಕೆಗೆ ಕರಿಬೇವಿನ ಎಲೆ ಸಿಕ್ಕಿತ್ತು. ಹಿಂದೆಯೇ ಹಳದಿ ಮಂಡಕ್ಕಿ ಸಾಲಾಗಿ ತೇಲಿ ಬಂತು. ಒಂದು ಕಾಳು ಬಾಯಿಗೆ ಹಾಕಿ ನೋಡಿದ.

"ಇದು ನಮ್ಮ ಪುಷ್ಪಲತಾ ಕೈರುಚಿ" ಎಂದ. "ದಿನಾ ಮೀನಿಗೆ ಹಾಕೋನು ನೀನೇನೋ, ಜಂಬಯ್ಯ?"

"ಹೂಂನಪ್ಪ."

ಡೇಗೆ ಮತ್ತೆ ಯಾವಾಗ ಬರುತ್ತದೆಂದು ಜನ ಮುತ್ತಿಕೊಂಡು ಕೇಳುತ್ತಿದ್ದರು. ಜಮಾಲ್ ಸಾಬ್ ಗಾಳ ಸುತ್ತಿಟ್ಟು ಹೇಳಿದ:

"ನಾಳೆ ಬರ್ರಿ. ನಮ್ಮ ಜಂಬಯ್ಯ ಮೀನಿಗೆ ತಿಂಡಿ ಹಾಕ್ತಾನೆ, ಡೇಗೆ ತಾನೇ ಬರ್ತೈತೆ." ಆಮೇಲೆ ಗೆಳೆಯನ ಕಿವಿಯಲ್ಲಿ ಅಂದ: "ಗಾಳ ಬ್ಯಾಡ, ಬಿಟ್ಟೆ. ಆದ್ರೆ ನೀನು ದಿನಾ ಹಾಕ್ಬೇಕು. ಇಲ್ಲಾಂದ್ರೆ ನಾನು ಮನಿಗೆ."

ಮರುದಿನ ಜನ ಕಿಕ್ಕಿರಿದಿದ್ದರು. ಒಣಮರದ ಮೇಲೆ ಡೇಗೆ ಕೂತಿತ್ತು. ನೀರಲ್ಲಿ ಮೀನುಗಳು ಬಾಯಿ ತೆರೆದು ಕಾಯುತ್ತಿದ್ದವು. ಜಂಬಯ್ಯ ಮುಷ್ಟಿ ತುಂಬ ಮಂಡಕ್ಕಿ ಹಿಡಿದು ನಿಂತ. ಜಮಾಲ್ ಸಾಬ್‌ನನ್ನು ನೋಡಿದ, ಮೀನುಗಳನ್ನು ನೋಡಿದ. ಕೈ ಮೇಲೆತ್ತಿ, ಅಷ್ಟನ್ನೂ ತನ್ನ ಬಾಯಿಗೇ ಹಾಕಿಕೊಂಡ.

"ಏನೋ ಇದು?" ಎಂದ ಜಮಾಲ್ ಸಾಬ್.

ಬಾಯಿ ತುಂಬಿದ್ದ ಜಂಬಯ್ಯ ಡೇಗೆಯತ್ತ, ಮೀನುಗಳತ್ತ ಕೈ ತೋರಿಸಿ ತಲೆಯಾಡಿಸಿದ, ಕಣ್ಣಲ್ಲಿ ನೀರು ಬಂತು. ಜಮಾಲ್ ಸಾಬ್ ಅವನನ್ನೇ ನೋಡಿ ನೋಡಿ, ತಡೆಯಲಾರದೆ ನಕ್ಕುಬಿಟ್ಟ. ಹತ್ತಿರ ಬಂದು ಕೂತು ಅಂಗೈ ಚಾಚಿದ.

"ಕೊಡಿಲ್ಲಿ, ನನಗೂ ಒಂದು ಮುಷ್ಟಿ."