ಕೊನೆಯ ಪ್ರಶ್ನೆ ಮೇಷ್ಟ್ರದು

ಆರ್.ಟಿ. ನಗರದ ಒಂದು ಮೆಡಿಕಲ್ ಶಾಪಿನ ಮೇಲಿನ ಕೋಣೆಯಲ್ಲಿ ಶಿವಪ್ರಕಾಶ ಸಂಜೆ ಹೊತ್ತು ದೊಡ್ಡವರಿಗೆ ಮಾತು ಕಲಿಸುತ್ತಿದ್ದ. ನಾಲ್ಕು ಜನರೆದುರು ನಿಂತರೆ ನಾಲಿಗೆ ಒಣಗುವ ಸೂಪರ್‌ವೈಸರುಗಳು, ಸೇಲ್ಸಿನವರು ಅಲ್ಲಿಗೆ ಬರುತ್ತಿದ್ದರು. "ಏನ್ ಬೇಕು ಅನ್ನೋದನ್ನ ಮೊದಲನೇ ಮಾತಲ್ಲೇ ಹೇಳ್ರಿ. ಸುತ್ತಿ ಬಳಸಿದ್ರೆ ಕೇಳೋರು ಮೊಬೈಲ್ ನೋಡ್ತಾರೆ" ಎನ್ನುತ್ತಿದ್ದ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ನಲವತ್ತು ದಾಟಿದ ಈ ಒಂಟಿ ಮೇಷ್ಟ್ರು ತನಗೇನು ಬೇಕೆಂದು ಯಾರ ಹತ್ತಿರವೂ ಬಾಯಿ ಬಿಟ್ಟವನಲ್ಲ. ಅವನಿಗೆ ಬೇಕಾಗಿದ್ದವಳು ಮಂಜುಶ್ರೀ.

ಮಂಜುಶ್ರೀ ಅಲ್ಲಾಳಸಂದ್ರದವಳು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದುಕೊಂಡು ಕನ್ನಡಕದ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಅದರ ಮಾಲೀಕರು ಹುಬ್ಬಳ್ಳಿಯಲ್ಲಿ ಹೊಸ ಅಂಗಡಿ ತೆರೆಯುವವರಿದ್ದರು. ಅದನ್ನು ನಡೆಸುವುದಕ್ಕೆ ತಾನೇ ಸರಿ ಎಂದು ಸೋಮವಾರ ಅವರೆದುರು ನಿಂತು ಅವಳು ಒಪ್ಪಿಸಬೇಕಿತ್ತು. ಅದಕ್ಕೇ ಶಿವಪ್ರಕಾಶನ ತರಗತಿಗೆ ಸೇರಿದ್ದಳು.

"ಅಣ್ಣ ಬಿಲ್ಡಿಂಗ್ ಮೇಲೆ ಬಿಲ್ಡಿಂಗ್ ಕಟ್ಸಿದಾನೆ ಸರ್. ನಂದು ಅಂತ ಒಂದು ಬಾಗಿಲಿಲ್ಲ. ನಾನು ಹೋಗ್ಲೇಬೇಕು" ಎಂದಿದ್ದಳು.

ವಿಧಿಯ ಚೇಷ್ಟೆ ನೋಡಿ, ಹುಬ್ಬಳ್ಳಿ ಶಿವಪ್ರಕಾಶನ ಊರು! ತಾನು ಬಿಟ್ಟು ಬಂದ ಊರಿಗೆ ಅವಳನ್ನು ಕಳಿಸಲು ತಾನೇ ಪಾಠ ಹೇಳಬೇಕು. ಚೆನ್ನಾಗಿ ಹೇಳಿಕೊಟ್ಟರೆ ಅವಳು ಹೋಗಿಬಿಡುತ್ತಾಳೆ. ಕೆಟ್ಟದಾಗಿ ಹೇಳಿಕೊಡಲು ಮನಸ್ಸು ಬರುವುದಿಲ್ಲ.

ತಾಲೀಮಿನಲ್ಲಿ ಅವಳು ಮೊದಲ ಸಲ ಆಡಿದ ಮಾತಿನ ತುಂಬ ಬರೀ ಡಿಸ್ಕೌಂಟು. "ಅಲ್ಲಿನ ಜನ ಎಲ್ಲಿ ಇದ್ರಾಗ?" ಎಂದ.

"ಅವರು ಹೇಗೆ ಅಂತ ನಂಗೇನ್ ಗೊತ್ತು ಸರ್? ನೀವೇ ಹೇಳಿ."

ಹೇಳಿದ. ಕಟ್ಟೆ ಒಡೆದಂತೆ ಹೇಳಿದ. ದುರ್ಗದಬೈಲು ಪೇಟೆಯ ಸಂಜೆ, ಮಂಡಕ್ಕಿ ಗಿರ್ಮಿಟ್ಟಿನ ವಾಸನೆ, ಖಾನಾವಳಿಯ ಬಿಸಿ ರೊಟ್ಟಿ, ಗುರುತಿಲ್ಲದವರನ್ನೂ ಕೂಡ್ರಿಸಿ ಮಾತಾಡಿಸುವ ಮಂದಿ. "ಒಳಗ ಬಂದೋರಿಗೆ ಮೊದ್ಲ ನೀರು ಕೊಡ್ರಿ, ಆಮ್ಯಾಲ ವ್ಯಾಪಾರ." ಅವಳು ಡಿಸ್ಕೌಂಟು ತೆಗೆದು ನೀರನ್ನು ಮೊದಲಿಗಿಟ್ಟಳು. ಆ ದಿನ ಮನೆಗೆ ಹೋದವನಿಗೆ ಊಟ ಸೇರಲಿಲ್ಲ. ಎದೆ ಹಿಂಡುತ್ತಿದ್ದುದು ಊರೋ ಅವಳೋ, ಅವನಿಗೇ ತಿಳಿಯಲಿಲ್ಲ.

ಅವನ ತರಗತಿಯಲ್ಲೊಂದು ಕಟ್ಟಳೆಯಿತ್ತು. ಯಾರು ಮಾತಾಡಿದರೂ ಉಳಿದವರು ಪ್ರಶ್ನೆ ಕೇಳಬೇಕು, ಕೊನೆಯದು ಮೇಷ್ಟ್ರದು. "ಯಾರು ಏನ್ ಕೇಳ್ತಾರೆ ಅಂತ ಮೊದ್ಲೇ ಊಹೆ ಮಾಡಿ, ಉತ್ತರ ರೆಡಿ ಇಟ್ಕೊಳ್ರಿ" ಎಂದು ಎಲ್ಲರಿಗೂ ಹೇಳಿಕೊಟ್ಟಿದ್ದ.

ಶನಿವಾರ ಅವಳ ಕೊನೆಯ ತಾಲೀಮು. ಏನು ಮಾತಾಡಿದಳು ಅಂತೀರಿ! ಕೇಳುತ್ತಿದ್ದವರಿಗೇ ಹುಬ್ಬಳ್ಳಿಗೆ ಹೋಗಿ ಕನ್ನಡಕ ಹಾಕಿಸಿಕೊಳ್ಳೋಣ ಅನ್ನಿಸಿತು. ಜೊತೆಗೆ ಕಲಿಯುತ್ತಿದ್ದವರಲ್ಲಿ ನರೇಂದ್ರ ಬಾಡಿಗೆ ಬಗ್ಗೆ ಕೇಳಿದ, ಫಾಯಿಜಾ ಕೆಲಸದವರ ಬಗ್ಗೆ ಕೇಳಿದಳು. ಎರಡಕ್ಕೂ ಮಂಜುಶ್ರೀ ಪಟಪಟನೆ ಉತ್ತರ ಕೊಟ್ಟಳು. ಆಮೇಲೆ ಶಿವಪ್ರಕಾಶನ ಕಡೆ ತಿರುಗಿ ಕಾದಳು.

ಅವನು ಎದ್ದು ನಿಂತ. ಕೇಳಬೇಕಾದದ್ದು ಗಂಟಲಿಗೆ ಬಂದಿತ್ತು. ಕೇಳಯ್ಯಾ, ಕೇಳಿಬಿಡು!

"ಅಲ್ಲಿ... ಊಟಕ್ಕ ಏನ್ ಮಾಡ್ತೀರಿ?" ಎಂದ.

ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಬಿಸಿ ರೊಟ್ಟಿ ಸಿಗುತ್ತೆ ಅಂತ ನೀವೇ ಹೇಳಿದ್ರಲ್ಲ ಸರ್" ಎಂದಳು.

ಎಲ್ಲರೂ ಇಳಿದು ಹೋದ ಮೇಲೆ ಮೆಟ್ಟಿಲ ಹತ್ತಿರ ನಿಂತು ಹೇಳಿದಳು: "ಊಹೆ ಮಾಡಿ ಉತ್ತರ ರೆಡಿ ಇಟ್ಕೊಳ್ಳಿ ಅಂದ್ರಿ. ನಿಮ್ಮ ಪ್ರಶ್ನೆಗೂ ಇಟ್ಕೊಂಡ್ ಬಂದಿದ್ದೆ ಸರ್. ನೀವು ಊಟದ ವಿಷಯ ಕೇಳಿದ್ರಿ."

ಅಷ್ಟು ಹೇಳಿ ಇಳಿದುಬಿಟ್ಟಳು. ಇವನಿಗೆ ಜೀವ ಬಂದು ಕೆಳಗೆ ಓಡುವಷ್ಟರಲ್ಲಿ ಅವಳ ಸ್ಕೂಟರು ಹೆಬ್ಬಾಳದ ಕಡೆಯ ಸಾಲಿಗೆ ಸೇರಿಯಾಗಿತ್ತು. ಫೋನ್ ತೆಗೆದ. ಸೋಮವಾರದ ಮಾತಿಗೆ ಮುಂಚೆ ಅವಳ ಮನಸ್ಸು ಕದಡಬಾರದು ಎಂದು ಮತ್ತೆ ಜೇಬಿಗಿಟ್ಟ. ಮೇಷ್ಟ್ರಲ್ಲವೇ, ಹಾಳಾದವನು!

"ನಾನೂ ಬರ್ಲೇನ್ರೀ, ನಿಮ್ಮ ಜೋಡಿ?" ಎಂದು ಬಸ್ಸುಗಳ ಹಾರನ್ನಿನ ನಡುವೆ ಕೇಳಿದ. ಸುತ್ತಿ ಬಳಸದೆ, ಮೊದಲನೇ ಮಾತಲ್ಲೇ ಕೇಳಿದ. ಉತ್ತರ ಇಟ್ಟುಕೊಂಡಿದ್ದವಳು ಅಲ್ಲಿರಲಿಲ್ಲ.